ಅಟ್ಟದಲ್ಲಿರೋ ಹಳೇ ಸ್ಪೀಕರ್‌ಗೆ ಯಾವ ರಿಸೀವರ್? ಮಲೆನಾಡಿನ ಮನೆಗೊಂದು ಹೋಲಿಕೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಹಳೇ ತೋಟದ ಮನೆಗಳಲ್ಲಿ ಅಟ್ಟದ ಮೇಲೋ ಸ್ಟೋರ್ ರೂಮಲ್ಲೋ ಒಂದು ಜೊತೆ ಮರದ ದೊಡ್ಡ ಸ್ಪೀಕರ್ ಸಿಗೋದು ಈಗ್ಲೂ ಇದೆ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ಅಜ್ಜನೋ ದೊಡ್ಡಪ್ಪನೋ ತರ್ಸಿಟ್ಟಿದ್ದು, ಆಮೇಲೆ ಟೇಪ್ ರೆಕಾರ್ಡರ್ ಬಂತು, ಟಿವಿ ಬಂತು, ಸ್ಪೀಕರ್ ಮೇಲೆ ಮೂಟೆ ಕೂತ್ಕೊಳ್ತು. ಈಗ ಬೆಂಗಳೂರಲ್ಲಿ ಕೆಲಸ ಮಾಡೋ ಮೊಮ್ಮಗ ಹಬ್ಬಕ್ಕೆ ಬಂದವ್ನು ಧೂಳು ಒರೆಸಿ ಫೋಟೋ ಹೊಡೆದು, ಇದಕ್ಕೆ ಮ್ಯಾಚ್ ಆಗೋ ಹಾಗೆ ಹಳೇ ಮಾರಾಂಟ್ಜೋ ಪಯೋನಿಯರ್ರೋ ಒಂದು ರಿಸೀವರ್ (ರೇಡಿಯೋನೂ ಆಂಪ್ಲಿಫೈಯರ್ರೂ ಒಂದೇ ಡಬ್ಬಾದಲ್ಲಿರೋದು) ಹುಡುಕ್ತಾ ಇದೀನಿ ಅಂತಾನೆ.

ಮಾರಾಯ್ರೆ, ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಸ್ಪೀಕರ್ ಹಳೇದೇ ಇರ್ಲಿ, ರಿಸೀವರ್ ಹೊಸದು ತಗೊಳ್ಳಿ. ಸ್ಪೀಕರ್ ಒಳಗೆ ಕೆಡೋಕೆ ಇರೋದೇ ನಾಲ್ಕೈದು ಸಾಮಾನು, ಅದ್ರಲ್ಲೂ ಅರ್ಧ ಕಣ್ಣಿಗೆ ಕಾಣತ್ತೆ, ಕೈಲೇ ರಿಪೇರಿ ಮಾಡ್ಬೋದು. ಹಳೇ ರಿಸೀವರ್ ಒಳಗೆ ನೂರಾರು ಕಾಂಪೊನೆಂಟು, ಹತ್ತಾರು ಸ್ವಿಚ್ಚು, ನಾಲ್ಕು ತಿಂಗಳು ಮಳೆ ಹೊಡೆಯೋ ಊರಲ್ಲಿ ಆ ಸ್ವಿಚ್ಚಿನ ಕಾಂಟ್ಯಾಕ್ಟೆಲ್ಲ ಕಪ್ಪಾಗಿ ಒಂದು ಚಾನೆಲ್ ಬರತ್ತೆ ಒಂದು ಬರಲ್ಲ. ಅದನ್ನ ಸರಿಯಾಗಿ ಕೂತು ನೋಡೋರು ನಮ್ಮ ಕಡೆ ಬೆರಳೆಣಿಕೆ, ಹದಿನೈದು ಕೆಜಿ ಮೇಲೆ ತೂಗೋ ಡಬ್ಬಾನ ಬೆಂಗಳೂರಿಗೆ ಹೊತ್ಕೊಂಡು ಹೋಗ್ಬೇಕು, ವಾಪಸ್ ತರೋವಾಗ ಚಾರ್ಮಾಡಿ ಅಲ್ಲದಿದ್ರೂ ನಮ್ಮ ರೋಡಿನ ಗುಂಡಿಗಳು ಸಾಕು. ಹಳೇ ರಿಸೀವರ್ರೇ ಸರಿ ಅನ್ನೋ ಸಂದರ್ಭನೂ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ರಿಸೀವರ್ ಹುಡುಕೋಕೆ ಮುಂಚೆ ಸ್ಪೀಕರ್ ಏನು ಅಂತ ತಿಳ್ಕೊಳ್ಳಿ. ಒಂದು ಮಲ್ಟಿಮೀಟರ್ ಸಾಕು. ಸ್ಪೀಕರ್ ವೈರ್ ಬಿಚ್ಚಿ ಹಿಂದಿನ ಎರಡು ಟರ್ಮಿನಲ್ ಮಧ್ಯ ಓಮ್ಸಲ್ಲಿ, ಅಂದ್ರೆ ಕರೆಂಟಿಗೆ ಎಷ್ಟು ಅಡ್ಡಿ ಅನ್ನೋ ಲೆಕ್ಕದಲ್ಲಿ, ಅಳತೆ ಮಾಡಿ. ಐದೂವರೆಯಿಂದ ಏಳರವರೆಗೆ ಬಂದ್ರೆ ಅದು 8 ಓಮ್ಸ್ ಸ್ಪೀಕರ್, ಮೂರರಿಂದ ಮೂರೂವರೆ ಬಂದ್ರೆ 4 ಓಮ್ಸ್. ಏನೂ ತೋರಿಸ್ಲಿಲ್ಲ ಅಂದ್ರೆ ಗಾಬರಿ ಬೇಡ, ಒಳಗೆ ಸೋಲ್ಡರ್ ಬಿಟ್ಟಿರ್ಬೋದು, ಫ್ಯೂಸ್ ಇರ್ಬೋದು, ವೂಫರ್ (ಬೇಸ್ ಬರೋ ದೊಡ್ಡ ಕೋನಿನದು) ಬಿಚ್ಚಿ ನೇರ ಅದರ ಟರ್ಮಿನಲ್ಲಿಗೇ ಇಟ್ಟು ನೋಡಿ. ಈ 4 ಮತ್ತೆ 8ರ ವಿಷ್ಯ ಸುಮ್ನೆ ಅಲ್ಲ. 1967ರಲ್ಲಿ ಬಂದ ಎಆರ್-3ಎ ಅಂಥ ಅಮೆರಿಕನ್ ಸ್ಪೀಕರ್ 4 ಓಮ್ಸು, ಮೇಲಿಂದ ಕರೆಂಟ್ ಜಾಸ್ತಿ ಎಳೆಯತ್ತೆ, ಅದಕ್ಕೆ ಸಸ್ತಾ ರಿಸೀವರ್ ಕೊಟ್ಟು ವಾಲ್ಯೂಮ್ ಏರಿಸಿದ್ರೆ ಅರ್ಧ ಗಂಟೇಲಿ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗತ್ತೆ, ಅಂದ್ರೆ ತಾನೇ ಬಂದ್ ಆಗತ್ತೆ. ಅದೇ ಬಿಬಿಸಿಯವರು ಡಿಸೈನ್ ಮಾಡಿದ ಎಲ್‌ಎಸ್3/5ಎ ಶುರುವಿನ ಮಾಡೆಲ್ 15 ಓಮ್ಸು, ಅದಕ್ಕೆ ಕರೆಂಟ್ ಜಾಸ್ತಿ ಬೇಡ, ಆದ್ರೆ ಸೆನ್ಸಿಟಿವಿಟಿ 83 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಆಸುಪಾಸು, ಹಂಗಾಗಿ ದೊಡ್ಡ ಹಾಲಲ್ಲಿ ಇಟ್ರೆ ದನಿ ಸಣ್ಣದು ಅನ್ಸತ್ತೆ.

ಸೆನ್ಸಿಟಿವಿಟಿ ಅಂದ್ರೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರಾಗಿ ಕೇಳತ್ತೆ ಅನ್ನೋ ಲೆಕ್ಕ. ವ್ಯಾಟ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡಿಬಿ. ಅಂದ್ರೆ 84 ಡಿಬಿ ಸ್ಪೀಕರ್‌ಗೆ 40 ವ್ಯಾಟ್ ಕೊಟ್ಟು ಎಷ್ಟು ಸೌಂಡ್ ಬರತ್ತೋ 90 ಡಿಬಿ ಸ್ಪೀಕರ್‌ಗೆ 10 ವ್ಯಾಟಲ್ಲೇ ಅಷ್ಟು ಬರತ್ತೆ. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕು ಅಂದ್ರೆ ಹತ್ರಹತ್ರ ಹತ್ತರಷ್ಟು ವ್ಯಾಟ್ ಬೇಕು. ಇದು ಗೊತ್ತಿಲ್ದೆ ಜನ 60 ವ್ಯಾಟಿನದು ಬಿಟ್ಟು 80 ವ್ಯಾಟಿನದಕ್ಕೆ ಎಕ್ಸ್‌ಟ್ರಾ ದುಡ್ಡು ಕೊಡ್ತಾರೆ, ಕಿವಿಗೆ ವ್ಯತ್ಯಾಸನೇ ಗೊತ್ತಾಗಲ್ಲ.

ಇನ್ನು ವ್ಯಾಟ್ ಬರೆಯೋ ರೀತಿ. ನಮ್ಮಲ್ಲಿ ತೊಂಬತ್ತರ ದಶಕದ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಸ್ಟಿಕ್ಕರ್ ಇರ್ತಿತ್ತಲ್ಲ, ಆ ಥರದ ಸುಳ್ಳು ಅಮೆರಿಕದಲ್ಲೂ ಇತ್ತು, ಅದಕ್ಕೇ 1974ರಲ್ಲಿ ಅಲ್ಲಿನ ಎಫ್‌ಟಿಸಿ (ವ್ಯಾಪಾರದ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ಒಂದು ರೂಲ್ ತಂತು, ಎರಡೂ ಚಾನೆಲ್ ಓಡಿಸಿ, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಡಿಸ್ಟಾರ್ಷನ್ (ದನಿ ಕೆಡೋ ಪ್ರಮಾಣ) ಅಂತ ಹೇಳಿಯೇ ವ್ಯಾಟ್ ಬರೀಬೇಕು ಅಂತ. ಹಂಗಾಗಿ ಎಪ್ಪತ್ತರ ದಶಕದ ಕೊನೆಯ ರಿಸೀವರ್‌ಗಳ 45 ವ್ಯಾಟ್ ಅಂದ್ರೆ ನಿಜವಾದ 45 ವ್ಯಾಟ್. ಈಗಿನ ಡಬ್ಬಾ ಮೇಲೆ 100 ವ್ಯಾಟ್ ಅಂತ ಇದ್ರೆ ಕೆಳಗಿನ ಸಣ್ಣ ಅಕ್ಷರ ಓದಿ. 20 ಹರ್ಟ್ಸಿಂದ 20 ಕಿಲೋಹರ್ಟ್ಸ್‌ವರೆಗೆ, 0.1% ಒಳಗಿನ ಡಿಸ್ಟಾರ್ಷನ್ ಅಂತ ಇದ್ರೆ ಗಟ್ಟಿ ಲೆಕ್ಕ. ಬರೀ 1 ಕಿಲೋಹರ್ಟ್ಸಲ್ಲಿ, 1% ಹತ್ರ ಅಥವಾ 10% ಡಿಸ್ಟಾರ್ಷನ್ ಅಂತ ಇದ್ರೆ ಒಂದಷ್ಟು ಕಳೆದು ಓದ್ಕೊಳ್ಳಿ.

ಸರಿ, ರಿಸೀವರ್ ಹೋಲಿಕೆಗೆ ಬರೋಣ.

ಹೊಸ ಸ್ಟೀರಿಯೋ ರಿಸೀವರ್‌ಗಳಲ್ಲಿ ನಮ್ಮ ಬಜೆಟ್ಟಿಗೆ ಹತ್ರ ಇರೋದು ಸೋನಿ ಎಸ್‌ಟಿಆರ್-ಡಿಎಚ್190, ಯಮಾಹಾ ಆರ್-ಎಸ್202 ಈ ಥರದ್ದು. ಎರಡಕ್ಕೂ ಬ್ಲೂಟೂತ್ ಇದೆ, ಎಫ್‌ಎಂ ಇದೆ, 8 ಓಮ್ಸ್ ಸ್ಪೀಕರ್‌ಗೆ ಮನೆ ಮಟ್ಟಿಗೆ ಧಾರಾಳ ಪವರ್ ಇದೆ. ವ್ಯತ್ಯಾಸ ಹಿಂದಿನ ಸಾಕೆಟ್ಟಲ್ಲಿ. ಸೋನಿಗೆ ಫೋನೋ ಇನ್‌ಪುಟ್ (ಎಲ್‌ಪಿ ಪ್ಲೇಯರ್ ಚುಚ್ಚೋ ಸಾಕೆಟ್) ಇದೆ, ಯಮಾಹಾ ಆ ಮಾಡೆಲ್‌ಗೆ ಇಲ್ಲ. ಮನೇಲಿ ಅಜ್ಜನ ಸ್ಪೀಕರ್ ಜೊತೆ ಗ್ಯಾರಾರ್ಡ್ ಟರ್ನ್‌ಟೇಬಲ್ಲೂ ಎಲ್‌ಪಿಗಳೂ ಇದ್ರೆ ಇದೊಂದೇ ವಿಷಯ ಸಾಕು ತೀರ್ಮಾನಕ್ಕೆ, ಯಾಕಂದ್ರೆ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜನ್ನ (ಎಲ್‌ಪಿ ಮೇಲೆ ಓಡೋ ಸೂಜಿಯ ತಲೆ) ಸಾದಾ ಇನ್‌ಪುಟ್ಟಿಗೆ ಹಾಕಿದ್ರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳೋದು, ಬೇರೆ ಫೋನೋ ಪ್ರೀಆಂಪ್ ತಗೋಬೇಕು. ಆದ್ರೆ ಇವೆರಡರಲ್ಲೂ ಡಿಜಿಟಲ್ ಇನ್‌ಪುಟ್ ಇಲ್ಲ. ಈಗಿನ ಟಿವಿಗಳ ಹಿಂದೆ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಮಾತ್ರ ಇರೋದು ಜಾಸ್ತಿ, ಸೀರಿಯಲ್ಲು ಕ್ರಿಕೆಟ್ಟು ಇದ್ರಲ್ಲೇ ಕೇಳ್ಬೇಕು ಅಂತ ಮನೇಲಿ ಹಠ ಇದ್ರೆ ಆಪ್ಟಿಕಲ್ ಇರೋ ಮಾಡೆಲ್ ನೋಡಿ, ಯಮಾಹಾದ ಆರ್-ಎನ್303ರಲ್ಲಿ ಫೋನೋನೂ ಇದೆ ಆಪ್ಟಿಕಲ್ಲೂ ಇದೆ ನೆಟ್‌ವರ್ಕೂ ಇದೆ. ಅಂಗಡೀಲಿ ಮಾಡೆಲ್ ನಂಬರ್ ಬದಲಾಗ್ತಾನೇ ಇರತ್ತೆ, ನಂಬರ್ ಉರು ಹೊಡಿಯೋದಕ್ಕಿಂತ ಹಿಂದಿನ ಪ್ಯಾನೆಲ್ ಫೋಟೋ ನೋಡೋದು ಒಳ್ಳೇದು. ರೇಡಿಯೋ ಬೇಡ್ವೇ ಬೇಡ ಅನ್ನೋರಿಗೆ ಡೆನಾನ್ ಪಿಎಂಎ-600ಎನ್‌ಇ ಥರದ ಇಂಟಿಗ್ರೇಟೆಡ್ ಆಂಪ್ ಇದೆ, 8 ಓಮ್ಸಿಗೆ 45, 4 ಓಮ್ಸಿಗೆ 70 ವ್ಯಾಟ್. ನಂಬರ್ ಚಿಕ್ಕದು, ಆದ್ರೆ 4 ಓಮ್ಸಿಗೆ ಇಳಿದಾಗ ಪವರ್ ಏರತ್ತೆ ನೋಡಿ, ಕಷ್ಟದ ಸ್ಪೀಕರ್‌ಗೆ ಬೇಕಾಗಿರೋ ಗುಣ ಅದೇ.

ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್, ಅದೇ 5.1, 7.1 ಅಂತ ಬರೋದು, ಅಗ್ಗಕ್ಕೆ ಸಿಗತ್ತೆ. ಹಾಡು ಕೇಳೋಕೆ ಅದರ ಅರ್ಧ ಸಾಮಾನು ವೇಸ್ಟು, ಎಚ್‌ಡಿಎಂಐ ಬೋರ್ಡ್ ಹೋದ್ರೆ ಇಡೀ ಡಬ್ಬಾನೇ ಗುಜರಿ. ಟಿವಿನೇ ಮುಖ್ಯ ಅನ್ನೋರು ಮಾತ್ರ ನೋಡಿ. ಮತ್ತೆ ಲೋಕಲ್ ಆಗಿ ಬಾಕ್ಸ್ ಕಟ್ಟಿ ಕೊಡೋ ಆಂಪ್ಲಿಫೈಯರ್ರೂ ಇದೆ, ಅದಕ್ಕೆ ಒಂದೇ ಮಾತು, ಆಟೋ ಸ್ಟ್ಯಾಂಡಿಗೆ ಸರಿ.

ಈಗ ಹಳೇ ರಿಸೀವರ್. 1970ರ ದಶಕದ ಮಾರಾಂಟ್ಜ್ 2270, ಚಾನೆಲ್‌ಗೆ 70 ವ್ಯಾಟ್, ಆ ನೀಲಿ ಡಯಲ್ ಲೈಟು, ಪಕ್ಕದಲ್ಲಿ ಬೆರಳಲ್ಲಿ ತಿರುಗಿಸೋ ಟ್ಯೂನಿಂಗ್ ಚಕ್ರ, ಅದನ್ನ ಒಂದು ಸಲ ತಳ್ಳಿದ್ರೆ ಬ್ಯಾಂಡಿನ ಈ ಕಡೆಯಿಂದ ಆ ಕಡೆಗೆ ತಾನೇ ಓಡತ್ತೆ. ಆ ಖುಷಿ ಹೊಸದರಲ್ಲಿ ಇಲ್ಲ, ಒಪ್ಕೊಳ್ತೀನಿ. ಆ ಕಾಲದಲ್ಲಿ ಕಂಪನಿಗಳಿಗೆ ವ್ಯಾಟಿನ ಹುಚ್ಚು ಎಷ್ಟಿತ್ತಂದ್ರೆ 1978ರಲ್ಲಿ ಪಯೋನಿಯರ್ ಎಸ್‌ಎಕ್ಸ್-1980 ಅಂತ ಚಾನೆಲ್‌ಗೆ 270 ವ್ಯಾಟಿನ ರಿಸೀವರ್ ಬಿಟ್ಟಿತು. ಆದ್ರೆ ಆನ್‌ಲೈನಲ್ಲಿ ನೋಡಿ ತಗೊಳ್ಳೋಕೆ ಮುಂಚೆ ಮೂರು ವಿಷಯ ಕೇಳಿ. ವೋಲ್ಟೇಜ್ ಎಷ್ಟು? ಅಮೆರಿಕದ್ದು 120, ಜಪಾನ್ ಒಳಗೆ ಮಾರಿದ್ದು 100, ನಮ್ಮ 230ಕ್ಕೆ ಚುಚ್ಚಿದ್ರೆ ಹೊಗೆ. ಕೆಲವಕ್ಕೆ ಹಿಂದೆ ಸೆಲೆಕ್ಟರ್ ಇರತ್ತೆ, ಇಲ್ದಿದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಸಣ್ಣದಲ್ಲ. ಎರಡನೇದು, ಜಪಾನ್ ಮಾರ್ಕೆಟ್ಟಿನದಾದ್ರೆ ಆ ಕಾಲದ ಎಫ್‌ಎಂ ಬ್ಯಾಂಡ್ 76ರಿಂದ 90 ಮೆಗಾಹರ್ಟ್ಸು, ನಮ್ಮದು 88ರಿಂದ 108. ಹಾಸನ ಆಕಾಶವಾಣಿ 102.2ರಲ್ಲಿ ಬರತ್ತೆ, ಆ ಡಯಲಲ್ಲಿ ಆ ನಂಬರೇ ಇಲ್ಲ! ಡಯಲ್ ಫೋಟೋ ಕೇಳಿ ನೋಡ್ಕೊಳ್ಳಿ. ಮೂರನೇದು, ಔಟ್‌ಪುಟ್ಟಲ್ಲಿ ಟ್ರಾನ್ಸಿಸ್ಟರ್ ಇದೆಯೋ ಎಸ್‌ಟಿಕೆ ಐಸಿ (ಇಡೀ ಔಟ್‌ಪುಟ್ ಸರ್ಕ್ಯೂಟ್ ಒಂದೇ ಚಿಪ್ಪಲ್ಲಿ ಇರೋದು) ಇದೆಯೋ. ಟ್ರಾನ್ಸಿಸ್ಟರ್‌ಗೆ ಬದಲಿ ಸಿಗತ್ತೆ, ಹಳೇ ಎಸ್‌ಟಿಕೆ ಹೆಸರಲ್ಲಿ ಈಗ ಸಿಗೋದ್ರಲ್ಲಿ ನಕಲಿನೇ ತುಂಬಿದೆ.

ಕೈಗೆ ಬಂದ ಮೇಲೆ ನೇರ ಪ್ಲಗ್ಗಿಗೆ ಹಾಕ್ಬೇಡಿ. ಯಾವ ರೇಡಿಯೋ ರಿಪೇರಿಯವರ ಹತ್ರನೂ ಸೀರೀಸ್ ಬೋರ್ಡ್ ಇರತ್ತೆ, ಹಳೇ ತಂತಿ ಬಲ್ಬನ್ನ ಸೀರೀಸಲ್ಲಿ ಹಾಕಿರೋದು. ಅದರ ಮೂಲಕ ಆನ್ ಮಾಡಿದಾಗ ಬಲ್ಬ್ ಒಂದು ಕ್ಷಣ ಹೊತ್ತಿ ಮಂಕಾದ್ರೆ ಸರಿ, ಪೂರ್ತಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ. ಆಮೇಲೆ ನೇರ ಕರೆಂಟಿಗೆ ಹಾಕಿ, ಸ್ಪೀಕರ್ ಕನೆಕ್ಟ್ ಮಾಡ್ದೆ, ವಾಲ್ಯೂಮ್ ಸೊನ್ನೆಗೆ ಇಟ್ಟು, ಸ್ಪೀಕರ್ ಟರ್ಮಿನಲ್ಲಲ್ಲಿ ಡಿಸಿ ಮಿಲಿವೋಲ್ಟ್ ನೋಡಿ. 50ರ ಒಳಗೆ ಇದ್ರೆ ನೆಮ್ಮದಿ. 100 ದಾಟಿದ್ರೆ ಅಜ್ಜನ ಸ್ಪೀಕರನ್ನ ಅದರ ಹತ್ರನೂ ತರ್ಬೇಡಿ, ವೂಫರ್ ಕಾಯಿಲ್ (ಕೋನನ್ನ ಅಲ್ಲಾಡಿಸೋ ತಂತಿ ಸುರುಳಿ) ಸುಡೋದು ಹೀಗೇ.

ಹಂಗಾದ್ರೆ ಹಳೇದು ಯಾರಿಗೆ? ಮನೇಲೇ ಮೂಲ ರಿಸೀವರ್ ಇದೆ, 230 ವೋಲ್ಟಿನದು, ಆಗಾಗ ಓಡ್ತಾ ಇತ್ತು ಅಂದ್ರೆ ಅದನ್ನ ಸರ್ವಿಸ್ ಮಾಡ್ಸಿ ಇಟ್ಕೊಳ್ಳಿ. ಮತ್ತೆ ರೇಡಿಯೋ ಹುಚ್ಚಿರೋರಿಗೆ. ಗುಡ್ಡದ ಮರೆಯಲ್ಲಿರೋ ನಮ್ಮ ಊರುಗಳಲ್ಲಿ ಹಳೇ ಟ್ಯೂನರ್ ಹಿಡಿಯೋ ಥರ ಈಗಿನ ಸಸ್ತಾ ಚಿಪ್ ಟ್ಯೂನರ್ ಹಿಡಿಯಲ್ಲ. ಆದ್ರೂ ಅರ್ಧ ಕೆಲ್ಸ ಆಂಟೆನಾದ್ದೇ. ಎರಡು ಕಡೆ ಮುಕ್ಕಾಲು ಮುಕ್ಕಾಲು ಮೀಟರ್ ತಂತಿ ಚಾಚಿ, ಒಟ್ಟು ಒಂದೂವರೆ ಮೀಟರ್ ಡೈಪೋಲ್ ಮಾಡಿ ಹಂಚಿನ ಕೆಳಗೆ ಅಡ್ಡ ಕಟ್ಟಿದ್ರೆ ಹೊಸ ರಿಸೀವರ್ರಲ್ಲೂ ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ. ಸೊರ್ರ್ ಅಂತಿದ್ರೆ ಮೋನೋ ಬಟನ್ ಒತ್ತಿ, ಸ್ಟೀರಿಯೋ ಎಫ್‌ಎಂಗೆ ಸಿಗ್ನಲ್ ತುಂಬಾ ಜಾಸ್ತಿ ಬೇಕು, ಮೋನೋಗೆ ಬೇಡ.

ಸ್ಪೀಕರ್ ರಿಪೇರಿ ಕಡೆ ಬಂದ್ರೆ ಮೊದಲನೇ ಪ್ರಶ್ನೆ ಸರೌಂಡ್ ಯಾವುದರದ್ದು ಅಂತ, ಕೋನ್ ಸುತ್ತ ಇರೋ ಉಬ್ಬಿದ ಅಂಚು. ಬಟ್ಟೆದಾದ್ರೆ ಅದೃಷ್ಟ, ಅದು ಕೊಳೆಯಲ್ಲ, ಮುಟ್ಬೇಡಿ. ರಬ್ಬರಿನದಾದ್ರೆ ಒದ್ದೆ ಬಟ್ಟೆಗೆ ಚೂರು ಸೋಪು ಹಾಕಿ ಬೂಷ್ಟು ಒರೆಸಿ, ಸಾಕು, ಥಿನ್ನರ್ ಪೆಟ್ರೋಲ್ ಏನೂ ಬೇಡ. ಫೋಮಿನದಾದ್ರೆ ಅದು ಸತ್ತಿದೆ ಅಂತಲೇ ತಿಳ್ಕೊಳ್ಳಿ. ಪಾಲಿಯುರಿಥೇನ್ ಫೋಮ್ ಗಾಳಿಯ ತೇವಾಂಶ ಹೀರಿ ಒಳಗಿಂದ್ಲೇ ಒಡೆಯತ್ತೆ, ಒಣ ಊರಲ್ಲಿ ಹದಿನೈದು ಇಪ್ಪತ್ತು ವರ್ಷ ಬಂದ್ರೆ ನಮ್ಮಲ್ಲಿ ಅದಕ್ಕಿಂತ ಬೇಗ. ನೋಡೋಕೆ ಚೆನ್ನಾಗೇ ಇರತ್ತೆ, ಬೆರಳಿಟ್ರೆ ಹಲಸಿನ ಹಣ್ಣಿನ ಅಂಟಿನ ಥರ ಹಿಡ್ಕೊಂಡು ಬೆರಳ ಜೊತೆಗೇ ಬರತ್ತೆ. ಅಂಥ ಸ್ಥಿತೀಲಿ ಜೋರಾಗಿ ಹಾಡು ಹಾಕಿದ್ರೆ ಕೋನ್ ಸೊಟ್ಟ ಕುಣಿದು ಕಾಯಿಲ್ ಉಜ್ಜಿ ಹಾಳಾಗತ್ತೆ, ಅಲ್ಲಿಗೆ ನೂರರ ಖರ್ಚು ಸಾವಿರಕ್ಕೆ ಹೋಯ್ತು.

ಫೋಮ್ ತೆಗೆದು ಫೋಮೇ ಹಾಕೋದಾ ರಬ್ಬರ್ ಹಾಕೋದಾ? ಮಲೆನಾಡಲ್ಲಿ ರಬ್ಬರೇ ಬಾಳಿಕೆ ಅಂತ ಅಂಗಡಿಯವ್ರು ಹೇಳ್ತಾರೆ, ಸುಳ್ಳಲ್ಲ. ಆದ್ರೆ ರಬ್ಬರ್ ಭಾರ, ಕೋನ್ ಅಲ್ಲಾಡೋ ಹದ ಬದಲಾಗತ್ತೆ. ಎಆರ್, ಅಡ್ವೆಂಟ್ ಥರದ ಪೂರ್ತಿ ಮುಚ್ಚಿದ ಪೆಟ್ಟಿಗೆ ಸ್ಪೀಕರ್‌ಗಳ ಬೇಸ್ ನಿಂತಿರೋದೇ ಮೆತ್ತಗಿನ ಸರೌಂಡ್ ಮತ್ತೆ ಒಳಗಿನ ಗಾಳಿಯ ಸ್ಪ್ರಿಂಗ್ ಮೇಲೆ, ಅಂಥದ್ದಕ್ಕೆ ಅದೇ ಮಾಡೆಲ್ಲಿನ ಫೋಮ್ ರಿಂಗ್ ತರ್ಸಿ ಹಾಕಿ, ಮುಂದೆ ಇನ್ನೊಂದ್ ಸಲ ಬದಲಾಯಿಸೋಕೆ ರೆಡಿ ಇರಿ. ಸಾದಾ ಎಂಟು ಇಂಚಿನ ಪೇಪರ್ ಕೋನಿನ ಸ್ಪೀಕರ್‌ಗೆ, ಸೋನೋಡೈನ್, ಕಾಸ್ಮಿಕ್ ಅಂಥ ನಮ್ಮ ದೇಶದ್ದಕ್ಕೆ, ಒಳ್ಳೆ ಅಳತೆಯ ತೆಳು ರಬ್ಬರ್ ಹಾಕಿದ್ರೂ ನಡೆಯತ್ತೆ. ಅಳತೆ ಅಂದ್ರೆ ಫ್ರೇಮ್ ಅಳತೆ ಒಂದೇ ಅಲ್ಲ, ಕೋನಿನ ಹೊರಗಿನ ವ್ಯಾಸ, ಉಬ್ಬಿನ ಅಗಲ, ಗ್ಯಾಸ್ಕೆಟ್ ಕೂರೋ ಜಾಗ ಎಲ್ಲ ಮಿಲಿಮೀಟರಲ್ಲಿ ಬರ್ಕೊಂಡು ಆಮೇಲೆ ಆರ್ಡರ್ ಮಾಡಿ.

ಕೆಲಸ ನೀವೇ ಮಾಡ್ಬೋದು, ಆತುರ ಇಲ್ದಿದ್ರೆ. ಹಳೇ ಅಂಟನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ನೆನೆಸಿ ಉಗುರಲ್ಲೇ ಕೆರೀಬೇಕು, ಬ್ಲೇಡ್ ತಗೊಂಡ್ರೆ ಪೇಪರ್ ಹರಿಯತ್ತೆ. ಪೇಪರ್ ಕೋನಿಗೆ ಫೋಮ್ ಅಂಟಿಸೋಕೆ ಬಿಳಿ ಫೆವಿಕಾಲ್ ಥರದ ಅಂಟು ಬೆಸ್ಟು, ನಿಧಾನಕ್ಕೆ ಒಣಗತ್ತೆ, ಸರಿಸಿ ಕೂರಿಸೋಕೆ ಟೈಮ್ ಕೊಡತ್ತೆ. ಫೆವಿಕ್ವಿಕ್ ಹಾಕೋಕೆ ಹೋಗ್ಬೇಡಿ. ಮೊದ್ಲು ಕೋನಿಗೆ ಅಂಟಿಸಿ ಪೂರ್ತಿ ಒಣಗಿಸಿ, ಆಮೇಲೆ ಫ್ರೇಮಿಗೆ. ಫ್ರೇಮಿಗೆ ಅಂಟಿಸೋವಾಗ್ಲೇ ಇರೋದು ಅಸಲಿ ಕೆಲಸ, ಕಾಯಿಲ್ ನಟ್ಟನಡುವೆ ಕೂರ್ಬೇಕು. ಪಕ್ಕಾ ದಾರಿ ಅಂದ್ರೆ ಡಸ್ಟ್ ಕ್ಯಾಪ್ (ಕೋನಿನ ನಡುವಿನ ಮುಚ್ಚಳ) ಬಿಡಿಸಿ ಕಾಯಿಲ್ಲಿಗೂ ಒಳಗಿನ ಕಂಬಕ್ಕೂ ಮಧ್ಯ ತೆಳು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸೋದು. ಕ್ಯಾಪ್ ಬಿಡಿಸೋಕೆ ಮನಸ್ಸಿಲ್ದಿದ್ರೆ ಮೊಬೈಲಲ್ಲಿ 30 ಹರ್ಟ್ಸ್ ಟೋನ್ ಹಾಕಿ ಆಂಪಿಂದ ಸಣ್ಣಕ್ಕೆ ಓಡ್ಸಿ, ಅಂಟು ಹಸಿ ಇರೋವಾಗ್ಲೇ ಸರೌಂಡನ್ನ ಬೆರಳಲ್ಲಿ ಅತ್ತಿತ್ತ ಸರಿಸ್ತಾ ಕರಕರ ನಿಲ್ಲೋ ಜಾಗಕ್ಕೆ ತಂದು ಬಟ್ಟೆ ಕ್ಲಿಪ್ ಹಾಕೋದು. ಕಾಫಿ ಒಣಗ್ಸೋ ತಿಂಗಳುಗಳಲ್ಲಿ ಈ ಕೆಲಸ ಇಟ್ಕೊಳ್ಳಿ, ಜುಲೈಯಲ್ಲಿ ಆ ಅಂಟು ಒಣಗೋದು ನೋಡ್ತಾ ಕೂತ್ರೆ ಮುಗೀತು. ವಾಪಸ್ ಪೆಟ್ಟಿಗೆಗೆ ಹಾಕೋವಾಗ ವೂಫರನ್ನ ಅರ್ಧ ಸುತ್ತು ತಿರುಗಿಸಿ ಹಾಕಿ, ಇಷ್ಟು ವರ್ಷ ಒಂದೇ ಕಡೆ ಜೋತಿದ್ದ ಸ್ಪೈಡರ್‌ಗೆ (ಕೋನನ್ನ ಹಿಂದಿಂದ ಹಿಡಿದಿರೋ ನೆರಿಗೆ ಬಟ್ಟೆ) ಈಗ ಆ ಕಡೆ ಎಳೆತ ಸಿಗತ್ತೆ.

ಕಾಯಿಲ್ಲೇ ಸುಟ್ಟಿದ್ರೆ ಅಥವಾ ಪೇಪರ್ರನ್ನ ಜಿರಲೆ ತಿಂದಿದ್ರೆ ಆಗ ರೀಕೋನಿಂಗ್‌ಗೆ, ಅಂದ್ರೆ ಹೊಸ ಕೋನು ಕಾಯಿಲ್ಲು ಹಾಕ್ಸೋಕೆ, ಕೊಡ್ಲೇಬೇಕು. ಕೊಡೋವಾಗ ಎರಡೂ ವೂಫರ್ ಒಟ್ಟಿಗೇ ಕೊಡಿ, ಒಂದು ಕಡೆ ಹಳೇ ಕೋನ್ ಒಂದು ಕಡೆ ಹೊಸದು ಆದ್ರೆ ದನಿ ಎಡಬಲ ಸೇರಲ್ಲ. ಟ್ವೀಟರ್ (ಚೂಪು ದನಿ ಬರೋ ಸಣ್ಣ ಸ್ಪೀಕರ್) ಹೋಗಿದೆ ಅಂತ ಕೊಟ್ರೆ ಹಳೇ ಡೋಮ್ ಕಿತ್ತು ಪೀಜೋ ಟ್ವೀಟರ್ ಕೂರಿಸಿ ಕಳ್ಸೋರಿದಾರೆ, ಶಾದಿ ಮಹಲಿನ ಸೌಂಡು ಬರತ್ತೆ. ಕೊಡೋಕೆ ಮುಂಚೆ ನೀವೇ ಓಮ್ಸ್ ನೋಡಿ, ಬಹಳ ಸಲ ಟ್ವೀಟರ್ ಸರಿಯಾಗೇ ಇರತ್ತೆ, ಕ್ರಾಸ್‌ಓವರಿನ (ದನಿಯನ್ನ ವೂಫರ್‌ಗೂ ಟ್ವೀಟರ್‌ಗೂ ಹಂಚೋ ಸರ್ಕ್ಯೂಟ್) ಕಂಡೆನ್ಸರ್ ಒಣಗಿರತ್ತೆ ಅಥವಾ ಹಿಂದಿನ ಟ್ರೆಬಲ್ ಗುಬುಟು ತುಕ್ಕು ಹಿಡಿದಿರತ್ತೆ. ಗುಬುಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿದ್ರೆ ಟ್ವೀಟರ್ ಎದ್ದು ಕೂರೋದುಂಟು.

ಕಂಡೆನ್ಸರ್ ಬದಲಾಯಿಸೋದಾದ್ರೆ ಅದೇ ಮೈಕ್ರೋಫ್ಯಾರಡ್, ನಾನ್ ಪೋಲಾರ್, 100 ವೋಲ್ಟಿನದು. ಬೆಂಗಳೂರು ಎಸ್‌ಪಿ ರೋಡಲ್ಲಿ ಸಿಗತ್ತೆ. ಪ್ಲಸ್ ಮೈನಸ್ ಗುರ್ತು ಇರೋ ಸಾದಾ ಎಲೆಕ್ಟ್ರೋಲಿಟಿಕ್ ಹಾಕ್ಬಾರ್ದು. ದುಬಾರಿ ಪಾಲಿಪ್ರೊಪಿಲೀನ್ ಫಿಲ್ಮ್ ಕಂಡೆನ್ಸರ್ ಹಾಕಿದ್ರೆ ಜೀವಮಾನಕ್ಕಾಯ್ತು, ಆದ್ರೆ ಅದರ ಒಳ ರೆಸಿಸ್ಟೆನ್ಸ್ ಕಮ್ಮಿ ಇರೋದ್ರಿಂದ ಕೆಲವು ಸಲ ಟ್ವೀಟರ್ ಚುಚ್ಚೋ ಥರ ಕೇಳತ್ತೆ, ಆಗ ಜೊತೆಗೆ ಅರ್ಧದಿಂದ ಒಂದು ಓಮ್ಸಿನ ರೆಸಿಸ್ಟರ್ ಸೀರೀಸಲ್ಲಿ ಸೇರಿಸ್ತಾರೆ. ನನ್ನ ಕೇಳಿದ್ರೆ ಟ್ವೀಟರ್ ಕಡೆಗೆ ಫಿಲ್ಮು, ವೂಫರ್ ಕಡೆ ದೊಡ್ಡ ವ್ಯಾಲ್ಯೂಗೆ ಹೊಸ ನಾನ್ ಪೋಲಾರ್ ಎಲೆಕ್ಟ್ರೋಲಿಟಿಕ್ಕೇ ಸಾಕು.

ಪೆಟ್ಟಿಗೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಹಿಂದಿನ ತೂತು ಇರೋ ಸ್ಪೀಕರ್ ಆದ್ರೆ ಟಾರ್ಚ್ ಬಿಟ್ಟು ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿರತ್ತೆ, ಇಲಿ ಹತ್ತಿ ಎಳೆದಿರತ್ತೆ. ಗೆದ್ದಲು ಹಿಡಿದ ಪಾರ್ಟಿಕಲ್ ಬೋರ್ಡಾದ್ರೆ ಆಚಾರ್ರಿಗೆ ಹೇಳಿ ಅದೇ ಒಳ ಅಳತೆಗೆ ಪ್ಲೈವುಡ್ಡಲ್ಲಿ ಹೊಸ ಪೆಟ್ಟಿಗೆ ಮಾಡಿಸಿ, ಒಳಗಿನ ಜಾಗ ಲೀಟರ್ ಲೆಕ್ಕದಲ್ಲಿ ಬದಲಾಗ್ಬಾರ್ದು ಅಷ್ಟೇ. ಬೀಟೆ, ತೇಗದ ವಿನೀರ್ ಇದ್ರೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿದ್ರೆ ಬಣ್ಣ ವಾಪಸ್ ಬರತ್ತೆ, ದಯವಿಟ್ಟು ಸನ್‌ಮೈಕಾ ಹೊಡೆಸ್ಬೇಡಿ.

ದುಡ್ಡು ಸೀಮಿತ ಅಂದ್ರೆ ಖರ್ಚಿನ ಸಾಲು ಹೀಗಿರ್ಲಿ: ಮೊದ್ಲು ಸರೌಂಡು, ಆಮೇಲೆ ಕಂಡೆನ್ಸರ್ರು, ಉಳಿದಿದ್ರಲ್ಲಿ ರಿಸೀವರ್ರು, ಪಾಲಿಶ್ ಕೊನೆಗೆ. ಕೇಬಲ್ಲಿಗೆ ಕರೆಂಟ್ ಅಂಗಡೀಲಿ ಸಿಗೋ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರೇ ಸಾಕು. ಸ್ಪೀಕರ್ ಪ್ಲಸ್ ಯಾವ್ದು ಗೊತ್ತಾಗ್ದಿದ್ರೆ ವೂಫರ್ ಟರ್ಮಿನಲ್ಲಿಗೆ ಗಡಿಯಾರದ ಸೆಲ್ಲನ್ನ ಒಂದ್ ಕ್ಷಣ ಮುಟ್ಟಿಸಿ ನೋಡಿ, ಕೋನ್ ಮುಂದೆ ಬಂದ್ರೆ ಸೆಲ್ಲಿನ ಪ್ಲಸ್ ಮುಟ್ಟಿರೋದೇ ಸ್ಪೀಕರಿನ ಪ್ಲಸ್ಸು.

ಇನ್ನೊಂದು, ಇನ್ವರ್ಟರ್ ಮೇಲೆ ಓಡಿಸೋದಾದ್ರೆ ಅದು ಸೈನ್ ವೇವ್ ಇರ್ಲಿ, ಸ್ಕ್ವೇರ್ ವೇವಿನದಾದ್ರೆ ಕರೆಂಟ್ ಹೋದ ತಕ್ಷಣ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನತ್ತೆ, ಹಾಡಿನ ಹಿಂದೆ ಅದೂ ಕೇಳತ್ತೆ. ಏಪ್ರಿಲ್ ಮೇ ತಿಂಗಳ ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿ ಸುಮ್ನಾಗ್ಬೇಡಿ, ಪ್ಲಗ್ ಕೀಳಿ, ಹಂಚಿನ ಕೆಳಗಿಂದ ಬಂದಿರೋ ಆಂಟೆನಾ ವೈರೂ ಕೀಳಿ.